ಪರದೆ ಎದ್ದ ಮೇಲೆ ಶಾಲು ಹೊದಿಸಬೇಡಿ

ಹೋದ ವಾರ ಮಸ್ಕತ್ತಿನ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ಫೋನ್ ಮಾಡಿದ್ದ. ಈ ಸಲದ ವಾರ್ಷಿಕೋತ್ಸವದಲ್ಲಿ ನನಗೆ ಸನ್ಮಾನವಂತೆ. "ಯಶೋದಕ್ಕ, ಇಷ್ಟು ವರ್ಷ ಸ್ಟೇಜಿನ ಹಿಂದೆ ದುಡಿದು ರಿಟೈರ್ ಆಗಿದ್ದೀರಿ. ನಿಮ್ಮನ್ನು ನಾವು ಗುರುತಿಸದಿದ್ರೆ ಮತ್ತೆ ಯಾರು ಗುರುತಿಸ್ತಾರೆ?" ಎಂದು ಬೆಣ್ಣೆ ಹಚ್ಚಿದ ದನಿಯಲ್ಲಿ ಹೇಳಿದ. ನಾನು ರಿಟೈರ್ ಆದದ್ದಲ್ಲ ಮಾರಾಯ, ನನ್ನನ್ನು ತೆಗೆದುಹಾಕಿದ್ದು, ತೆಗೆಸಿದವರು ನೀವೇ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಆಲೋಚನೆ ಮಾಡಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಅಷ್ಟರಲ್ಲಿ ಒಲೆಯ ಮೇಲಿದ್ದ ಬಂಗುಡೆ ಮೀನಿನ ಸಾರು ತಳ ಹಿಡಿದಿತ್ತು.

ಆ ಸಿಟ್ಟಿನಲ್ಲೇ ಇದನ್ನು ಬರೆಯಲು ಕೂತಿದ್ದೇನೆ. ಮಸ್ಕತ್ತಿನಲ್ಲಿ ಈಗ ನಮ್ಮವರ ಮಕ್ಕಳು ಲೈಟು, ಸೌಂಡು, ಸ್ಟೇಜು ಎಂದು ಈ ಕೆಲಸಕ್ಕೆ ಇಳಿಯುತ್ತಿದ್ದಾರೆ. ಒಳ್ಳೆಯದೇ. ಅವರಿಗೆ ಕಂಪ್ಯೂಟರಿನಲ್ಲಿ ದೀಪ ಕುಣಿಸಲು ಬರುತ್ತದೆ. ಆದರೆ ಕೈಯಲ್ಲಿ ಹಾರ ಹಿಡಿದುಕೊಂಡು ಬಂದವರನ್ನು ತಡೆಯುವುದು ಹೇಗೆ ಎಂದು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ. ನನಗೆ ಅದನ್ನು ಕಲಿಸಿದವರು ಡೊರೀನ್ ಎಂಬ ಇಂಗ್ಲೆಂಡಿನ ನಟಿ. ಹಾಗಾಗಿ ಈ ಬರಹದಲ್ಲಿ ಅರ್ಧ ನನ್ನ ಕತೆ, ಅರ್ಧ ಅವರದು.

ನಾನು ಉಡುಪಿ ಕಡೆಯವಳು. ಮದುವೆಯಾಗಿ ಮಸ್ಕತ್ತಿಗೆ ಬಂದಾಗ ಅಲ್ ಖುವೈರ್‌ನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಗಂಡ ಸದಾನಂದರಿಗೆ ವಾದಿ ಅದಾಯ್‌ನಲ್ಲಿ ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಕೆಲಸ. ಅವರ ಅಂಗಡಿ ಸಂಜೆಯ ಪಾಳಿ ಮುಗಿಸಿ ಬಾಗಿಲು ಹಾಕುವವರೆಗೆ ನಾನು ಕಾಯಬೇಕು. ಆಫೀಸಿನ ಹಿಂದೆ ಒಂದು ಹಾಲ್ ಇತ್ತು, ಎ.ಸಿ. ಇತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಕೊನೆಯ ಸಾಲಿನಲ್ಲಿ ಹೋಗಿ ಕೂತುಕೊಳ್ಳುತ್ತಿದ್ದೆ. ಮುಂದೆ ಇಂಗ್ಲಿಷಿನವರು ನಾಟಕದ ತಾಲೀಮು ನಡೆಸುತ್ತಿದ್ದರು. ಬ್ಯಾಂಕಿನವರು, ಎಣ್ಣೆ ಕಂಪನಿಯವರು, ಶಾಲೆಯ ಟೀಚರುಗಳು. ಅವರ ನಡುವೆ ಒಬ್ಬರೇ ಒಬ್ಬರು ಕಸುಬಿನ ನಟಿ, ಅವರೇ ಡೊರೀನ್.

ಒಂದು ದಿನ ಅವರು ಮಾತಿನ ಮಧ್ಯೆ ನಿಲ್ಲಿಸಿ, "ಹಿಂದೆ ಕೂತಿರುವ ಹೆಂಗಸೇ, ನಾನು ಈಗ ಏನು ಹೇಳಿದೆ?" ಎಂದು ಕೂಗಿದರು. ಎದ್ದು ನಿಂತೆ. ಕೇಳಿಸಿದ್ದನ್ನು ಹಾಗೇ ಹೇಳಿದೆ. "ಅವನು ಏನು ಹೇಳಿದ?" ಎಂದು ಪಕ್ಕದಲ್ಲಿದ್ದ ನಾಯಕನನ್ನು ತೋರಿಸಿದರು. ಅವನದು ಗೊಣಗಾಟ, ಒಂದಕ್ಷರ ಕೇಳಿಸಿರಲಿಲ್ಲ. ಇಲ್ಲ ಎಂದು ತಲೆ ಆಡಿಸಿದೆ. "ನಾಳೆಯೂ ಬಾ. ಅಲ್ಲೇ ಕೂರು. ಕೇಳದಿದ್ದರೆ ಕೈ ಎತ್ತು," ಎಂದರು. ರಂಗದಲ್ಲಿ ನನ್ನ ಮೊದಲ ಉದ್ಯೋಗ ಅದು. ಕೈ ಎತ್ತುವುದು.

ಆಗೆಲ್ಲ ನಟರ ಅಂಗಿಗೆ ಮೈಕ್ ಸಿಕ್ಕಿಸುತ್ತಿರಲಿಲ್ಲ. ಬಾಯಿ ತೆರೆದರೆ ಹಾಲ್ ತುಂಬಬೇಕು. ಡೊರೀನ್ ಮೇಡಂ ಪಿಸುಗುಟ್ಟಿದರೂ ನನಗೆ ಕೇಳುತ್ತಿತ್ತು. ಕಿರುಚುತ್ತಿರಲಿಲ್ಲ. ಹೊಟ್ಟೆಯಿಂದ ಎತ್ತಿ ಹಾಲಿನ ಗೋಡೆಗೆ ಒರಗಿಸಿ ಇಟ್ಟ ಹಾಗೆ ಮಾತನ್ನು ಇಡುತ್ತಿದ್ದರು. ಕ್ರಮೇಣ ನನ್ನ ಕೈಗೆ ನಾಟಕದ ಪುಸ್ತಕ ಬಂತು, ಆಮೇಲೆ ಸಾಮಾನುಗಳ ಜವಾಬ್ದಾರಿ, ಆಮೇಲೆ ಗಂಟೆ, ಪರದೆ, ಎಲ್ಲ. ಹಾಲಿನವರು ಟೈಪಿಂಗ್ ಬಿಡಿಸಿ ಸ್ಟೇಜ್ ಮ್ಯಾನೇಜರ್ ಎಂದು ನನ್ನನ್ನೇ ಇಟ್ಟುಕೊಂಡರು. ಊರಿನಲ್ಲಿ ಅತ್ತೆಗೆ ಇದನ್ನು ವಿವರಿಸುವಷ್ಟರಲ್ಲಿ ಸಾಕುಬೇಕಾಯಿತು. "ಅಂದರೆ ನೀನು ನಾಟಕ ಮಾಡುವುದಾ?" "ಇಲ್ಲ ಅತ್ತೆ, ಮಾಡಿಸುವುದು." "ಹೌದಾ, ಹಾಗಾದರೆ ಪರವಾಗಿಲ್ಲ," ಎಂದು ಅವರು ಉಸಿರು ಬಿಟ್ಟರು.

ಮೇಡಂ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವಾಗ ನಾನು ಹಿಂದೆ ನಿಂತು ಕೂದಲು ಕಟ್ಟುತ್ತಿದ್ದೆ. ಅವರ ಕತೆಯೆಲ್ಲ ಆ ಹೊತ್ತಿನಲ್ಲಿ ಕೇಳಿದ್ದು. ಹದಿನಾರಕ್ಕೆ ಮನೆ ಬಿಟ್ಟು ಕಡಲ ತೀರದ ಒಂದು ಊರಿನ ನಾಟಕ ಕಂಪನಿ ಸೇರಿದ್ದರು. ಬೆಳಿಗ್ಗೆ ವೇದಿಕೆ ಗುಡಿಸುವುದು, ಸಂಜೆ ಚಹಾ ತಟ್ಟೆ ಹಿಡಿದ ಕೆಲಸದ ಹುಡುಗಿಯ ಪಾತ್ರ. ವಾರಕ್ಕೊಂದು ಹೊಸ ನಾಟಕ. ಹಗಲು ಮುಂದಿನ ವಾರದ್ದರ ತಾಲೀಮು, ಸಂಜೆ ಈ ವಾರದ್ದರ ಆಟ, ಊಟದ ಹೊತ್ತಿಗೆ ಅದರಾಚೆ ವಾರದ್ದರ ಬಾಯಿಪಾಠ. ಬಾಡಿಗೆಗೆ ರೂಮು ಕೇಳಲು ಹೋದರೆ ಮನೆಯಾಕೆ ಮೊದಲು ಕೇಳುತ್ತಿದ್ದದ್ದು "ನಾಟಕದವಳಾ?" ಎಂದು. ಹೌದು ಎಂದರೆ ಬಾಗಿಲು ಮುಚ್ಚುವವರೇ ಹೆಚ್ಚು. ನಮ್ಮೂರಿನಲ್ಲೂ ನಾಟಕದವರಿಗೆ ಮನೆ ಕೊಡುತ್ತಿರಲಿಲ್ಲ ಮೇಡಂ ಎಂದೆ. ನೋಡಲು ಬರುವುದಕ್ಕೆ ಎಲ್ಲರಿಗೂ ಆಸೆ, ಪಕ್ಕದಲ್ಲಿ ವಾಸಕ್ಕೆ ಮಾತ್ರ ಬೇಡ. ಸಮುದ್ರ ದಾಟಿದರೂ ಬುದ್ಧಿ ಒಂದೇ.

ನಾಯಕಿಯಾಗಿ ಅವರು ಆಡಿದ್ದು ಕೆಲವೇ ವರ್ಷ. ಮೂವತ್ತೆಂಟಕ್ಕೆ ತಾಯಿಯ ಪಾತ್ರ ಕೊಟ್ಟರು. ಮಗನಾದವನು ಅವರಿಗಿಂತ ದೊಡ್ಡವನು. ನಲವತ್ತೈದಕ್ಕೆ ಅಜ್ಜಿ. ಗಂಡಸಿಗೆ ಕೂದಲು ನರೆತರೆ ರಾಜನ ಪಾತ್ರ, ಹೆಂಗಸಿಗೆ ನರೆತರೆ ಪುನಃ ಚಹಾ ತಟ್ಟೆ. ಮನೆಯ ಮುದಿ ಆಳಾಗಿ ಅದೇ ತಟ್ಟೆಯನ್ನು ಮತ್ತೆ ಹಿಡಿದದ್ದನ್ನು ಅವರು ನಗುತ್ತ ಹೇಳುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಕೂದಲಿನ ಪಿನ್ ಗಟ್ಟಿಯಾಗಿ ಚುಚ್ಚಿ ಅವರಿಂದ ಬೈಸಿಕೊಂಡದ್ದೂ ಉಂಟು.

ಆದರೆ ಅವರು ನಗದೆ ಹೇಳಿದ ಸಂಗತಿ ಒಂದಿತ್ತು. ಅವರ ಕಂಪನಿಯ ಕೊನೆಯ ಆಟ. ಬುಧವಾರ ಮಧ್ಯಾಹ್ನ, ಎರಡು ಅಂಕ ಮುಗಿದು ವಿರಾಮ. ಕೋಟು ಹಾಕಿದವರು ಇಬ್ಬರು ಹಿಂದಿನ ಬಾಗಿಲಿನಿಂದ ಬಂದು, ಥಿಯೇಟರ್ ಮಾರಾಟವಾಗಿದೆ, ಇಲ್ಲಿಗೆ ಸಾಕು ಎಂದರಂತೆ. ಪ್ರೇಕ್ಷಕರನ್ನು ಮನೆಗೆ ಕಳಿಸಿದರು. ಮೂರನೇ ಅಂಕಕ್ಕೆ ಬಟ್ಟೆ ಬದಲಿಸಿ ನಿಂತಿದ್ದ ಇವರನ್ನು ನೀವು ಯಾರು ಎಂದೂ ಕೇಳಲಿಲ್ಲ. ಆಮೇಲೆ ಆ ಕಟ್ಟಡ ಜೂಜಿನ ಹಾಲ್ ಆಯಿತು. ಇವರು ಇಂಜಿನಿಯರ್ ಗಂಡನ ಜೊತೆ ಮಸ್ಕತ್ತಿಗೆ ಬಂದರು, ವೀಸಾದಲ್ಲಿ 'ಗೃಹಿಣಿ' ಎಂದು ಬರೆಸಿಕೊಂಡರು.

"ಆ ಮೂರನೇ ಅಂಕ ಇನ್ನೂ ನನ್ನ ಹೊಟ್ಟೆಯೊಳಗಿದೆ ಯಶು," ಎಂದಿದ್ದರು. "ಸಾಯುವುದರೊಳಗೆ ಒಂದು ನಾಟಕವನ್ನು ಕೊನೆಯ ಪರದೆಯವರೆಗೆ ಆಡಿ, ಆಮೇಲೆ ನಾನಾಗಿ ನಿಲ್ಲಿಸಬೇಕು. ಬೇರೆಯವರು ನಿಲ್ಲಿಸಬಾರದು."

ಅವರು ನನಗೆ ಕಲಿಸಿದ ನಿಯಮ ಒಂದೇ ಒಂದು. ಪರದೆ ಏಳುವವರೆಗೆ ನಾಟಕ ನಿರ್ದೇಶಕನದು. ಎದ್ದ ಮೇಲೆ ವೇದಿಕೆ ಸ್ಟೇಜ್ ಮ್ಯಾನೇಜರದು. ಹಾಲಿನ ಯಜಮಾನನಾದರೂ ಅವಳ ಅಪ್ಪಣೆ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ಇದು ಅಹಂಕಾರದ ಮಾತಲ್ಲ. ಕತ್ತಲೆಯಲ್ಲಿ ನಟರು ಓಡಾಡುವಾಗ ಯಾರು ಎಲ್ಲಿದ್ದಾರೆ ಎಂದು ಒಬ್ಬರಿಗಾದರೂ ಗೊತ್ತಿರಬೇಕಲ್ಲ. ನಾನು ಪ್ರತಿ ಆಟಕ್ಕೆ ಮೊದಲು ವೇದಿಕೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದನ್ನು ನೋಡಿ, ಯಾಕೆ ಎಂದು ಕೇಳಿದ್ದರು. ಹೇಳಿದೆ. ಮರುದಿನದಿಂದ ಅವರೂ ಚಪ್ಪಲಿ ಕಳಚಿಟ್ಟು, ನೋಯುವ ಮಂಡಿ ಬಗ್ಗಿಸಿ, ಮುಟ್ಟಿ ನಮಸ್ಕಾರ ಮಾಡಲು ಶುರು ಮಾಡಿದರು.

ಆ ನಿಯಮ ಮೊದಲು ಮುರಿದದ್ದು ಒಂದು ಹೋಟೆಲಿನಲ್ಲಿ. ಹೆಸರು ಬೇಡ. ಊಟ ಮಾಡುತ್ತ ನಾಟಕ ನೋಡುವ ಪದ್ಧತಿ ಆಗ ಶುರುವಾಗಿತ್ತು. ಮಾತಿನ ನಡುವೆ ಚಮಚದ ಸದ್ದು, ಕೊಲೆಯ ದೃಶ್ಯದಲ್ಲಿ "ಇನ್ನೊಂದು ನಾನ್ ಕೊಡಿ" ಎಂಬ ಕೂಗು. ಅದನ್ನೂ ಸಹಿಸಿದೆವು. ಮೂರನೇ ಅಂಕದಲ್ಲಿ ಮೇಡಂ ವಿಧವೆಯಾಗಿ ಕೂತು ಗಂಡನನ್ನು ಕೊಂದವನ ಹೆಸರು ಹೇಳಬೇಕು. ಆಗ ಹೋಟೆಲಿನ ಮ್ಯಾನೇಜರ್ ಮೇಣದಬತ್ತಿ ಹಚ್ಚಿದ ಕೇಕ್ ಹಿಡಿದು ವೇದಿಕೆಯ ಪಕ್ಕಕ್ಕೆ ಬಂದ. ಯಾರೋ ದೊಡ್ಡ ಗಿರಾಕಿಯ ಹುಟ್ಟುಹಬ್ಬ. ನಾನು ಅಡ್ಡ ನಿಂತೆ. "ಇಲ್ಲಿಂದ ಹೋಗುವ ಹಾಗಿಲ್ಲ," ಎಂದೆ. ಅವನು ನಕ್ಕು, ಹಿಂದಿನಿಂದ ಸುತ್ತು ಹಾಕಿ ಇನ್ನೊಂದು ಬದಿಯಿಂದ ಒಳಗೆ ಹೋದ. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಆಯಿತು. ಎಲ್ಲರೂ ಎದ್ದು ಹ್ಯಾಪಿ ಬರ್ತ್‌ಡೇ ಹಾಡಿದರು, ಸಂಗೀತ ಹಾಕಿದರು, ಕುಣಿದರು. ಕೊಂದವನು ಯಾರೆಂದು ಯಾರೂ ಕೇಳಲಿಲ್ಲ. ಮೇಡಂ ಕಪ್ಪು ಬಟ್ಟೆಯಲ್ಲಿ ಕುರ್ಚಿಯ ಮೇಲೆ ಕೂತೇ ಇದ್ದರು, ಅವರ ಕೈಗೂ ಒಂದು ತುಂಡು ಕೇಕ್ ಕೊಟ್ಟರು.

ಕಾರಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಮೇಡಂ ಮಾತ್ರ, "ವೇದಿಕೆಗೆ ಎರಡು ಬದಿ ಉಂಟು, ಯಶು. ಮುಂದಿನ ಸಲ ಎರಡನ್ನೂ ನೋಡಿಕೋ," ಎಂದರು. ಮುಂದಿನ ಸಲ ಎನ್ನುವ ಶಬ್ದವನ್ನು ಅವರು ಅಷ್ಟು ಸಲೀಸಾಗಿ ಹೇಳಿದ್ದನ್ನು ಕೇಳಿ ನನಗೆ ಇನ್ನಷ್ಟು ಸಂಕಟವಾಯಿತು.

ಕಾಲ ಬದಲಾಯಿತು. ಅಂಗಿಯ ಕಾಲರಿಗೆ ಮೈಕ್ ಬಂತು. ಗಂಟಲು ಗೊತ್ತಿಲ್ಲದವರೂ ನಟರಾದರು. ನಮ್ಮವರ ಕಾರ್ಯಕ್ರಮಗಳಲ್ಲಂತೂ ಮಾತನ್ನೆಲ್ಲ ಮೊದಲೇ ರೆಕಾರ್ಡ್ ಮಾಡಿ, ವೇದಿಕೆಯ ಮೇಲೆ ಬರೀ ತುಟಿ ಆಡಿಸುವ ನಾಟಕ ಶುರುವಾಯಿತು. ಆಫೀಸಿನವರಿಗೆ ಬಾಯಿಪಾಠಕ್ಕೆ ಪುರುಸೊತ್ತಿಲ್ಲ ಎನ್ನುವುದು ನೆಪ. ಒಮ್ಮೆ ಕರೆಂಟ್ ಹೋಗಿ ಬಂದು ರೆಕಾರ್ಡು ಒಂದು ಮಾತು ಹಿಂದೆ ಬಿತ್ತು. ಭೀಮನಂಥ ನಾಯಕ ಎದೆ ತಟ್ಟಿಕೊಂಡು ಬಾಯಿ ತೆರೆದರೆ ನಾಯಕಿಯ ದನಿ, "ನಾನು ನಿಮ್ಮ ಮಗುವಿನ ತಾಯಿಯಾಗುವವಳಿದ್ದೇನೆ!" ಜನ ಬಿದ್ದು ಬಿದ್ದು ನಕ್ಕರು. ಆ ನಟ ಆಮೇಲೆ ನನ್ನ ಮೇಲೆ ರೇಗಿದ. ಬಾಯಿ ನಿನ್ನದು, ಮಾತು ನಿನ್ನದು, ಎರಡನ್ನೂ ಬೇರೆ ಮಾಡಿದವನು ನೀನೇ, ನನ್ನನ್ನು ಯಾಕೆ ಬೈಯುತ್ತೀ ಎಂದು ಕೇಳಿದೆ.

ಸಿಟ್ಟು ಬರುವುದು ಬರೀ ರೆಕಾರ್ಡಿನ ಮೇಲಲ್ಲ. ನಮ್ಮ ಕಾರ್ಯಕ್ರಮಗಳಲ್ಲಿ ನಾಟಕ ಎಂದರೆ ಎಲೆಯ ತುದಿಯ ಉಪ್ಪಿನಕಾಯಿ. ಸ್ವಾಗತ, ಪ್ರಾಸ್ತಾವಿಕ, ದೀಪ, ಭಾಷಣ, ಮತ್ತೆ ಭಾಷಣ. ನಾಟಕ ಶುರುವಾದ ಮೇಲೆ ಮುಖ್ಯ ಅತಿಥಿ ಬಂದರೆ ನಾಟಕ ನಿಲ್ಲಿಸಿ ಸನ್ಮಾನ. ಅವರು ಬೇಗ ಹೊರಟರೆ ನಿಲ್ಲಿಸಿ ಸನ್ಮಾನ. ಪ್ರಾಯೋಜಕರ ಹೆಂಡತಿ ಬಂದರೆ ನಿಲ್ಲಿಸಿ ಹೂಗುಚ್ಛ. ಶಾಲು, ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ. ಸತ್ತು ಮಲಗಿದ ಪಾತ್ರಧಾರಿ ಎದ್ದು ಮೂಲೆಗೆ ಸರಿದು ನಿಂತು ಚಪ್ಪಾಳೆ ಹೊಡೆದು, ಪುನಃ ಬಂದು ಸತ್ತದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಯಾರಿಗೂ ಇದು ತಪ್ಪು ಎನಿಸುವುದಿಲ್ಲ. ಗೌರವ ಕೊಡುವುದಲ್ವಾ, ಅದರಲ್ಲಿ ಎಂತ ತಪ್ಪು ಎನ್ನುತ್ತಾರೆ.

ಇಂಥ ಬಳಗದವರ ನಾಟಕದಲ್ಲೇ ಡೊರೀನ್ ಮೇಡಂ ಕೊನೆಯ ಸಲ ಆಡಿದ್ದು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಂಡಿ ಕೈಕೊಟ್ಟಿತ್ತು, ಅಕ್ಕನ ಮಗಳು ಇಂಗ್ಲೆಂಡಿಗೆ ಕರೆಯುತ್ತಿದ್ದಳು. ಹೊರಡುವ ದಿನ ನಿಶ್ಚಯವಾಗಿತ್ತು. ಆಗ ಬಳಗದ ಅಧ್ಯಕ್ಷ ದಿವಾಕರಣ್ಣ ನನ್ನ ಹತ್ತಿರ ಬಂದರು. ದಿವಾಕರಣ್ಣ ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆಯವರು, ಕೆಟ್ಟವರಲ್ಲ, ಊರಿಗೆ ಹೆಣ ಕಳಿಸಬೇಕಾದಾಗ ಮೊದಲು ಓಡಿ ಬರುವವರು ಅವರೇ. ಅವರ ಬಳಗದ ನಾಟಕದಲ್ಲಿ ಕಣ್ಣು ಹೋದ ಒಬ್ಬ ಮುದುಕಿಯ ಪಾತ್ರವಿತ್ತು. ನಮ್ಮ ಕರಾವಳಿಯ ಹಳೆ ಮಿಶನ್ ಆಸ್ಪತ್ರೆಯಲ್ಲಿ ದುಡಿದು ಅಲ್ಲೇ ಉಳಿದ ಇಂಗ್ಲಿಷ್ ನರ್ಸ್. "ನಿಮ್ಮ ಮೇಡಮಿಗೆ ಹೇಳಿ ನೋಡಿ ಯಶೋದಕ್ಕ. ಮಾತು ರೆಕಾರ್ಡ್ ಮಾಡಿದ್ರೆ ಆಯ್ತಲ್ಲ," ಎಂದರು.

ಮೇಡಂ ರೆಕಾರ್ಡ್ ಬೇಡ ಎಂದರು. ಕನ್ನಡ ಕಲಿಯುತ್ತೇನೆ ಎಂದರು. ಕೇಳಿದ ಪ್ರಶ್ನೆ ಒಂದೇ: "ಮೂರನೇ ಅಂಕ ಇದೆಯಾ?" ಇತ್ತು. ಮೂರನೇ ಅಂಕವಿಡೀ ಅವರದೇ.

ನನ್ನ ಅಡುಗೆಮನೆಯಲ್ಲಿ ಪಾಠ ನಡೆಯಿತು. ನಾನು ಮೀನು ಹೆಚ್ಚುವುದು, ಅವರು ಮಾತು ಒಪ್ಪಿಸುವುದು. ಪ್ರತಿ ಶಬ್ದದ ಅರ್ಥ ಬೇಕು, ಅರ್ಥ ತಿಳಿಯದೆ ಬಾಯಿಗೆ ಹಾಕುತ್ತಿರಲಿಲ್ಲ. 'ಳ' ಎನ್ನಲು ನಾಲಗೆ ಮಡಚುವುದಕ್ಕೆ ಒಂದು ವಾರ ಬೇಕಾಯಿತು. ಕೊನೆಯ ದೃಶ್ಯ ಹೀಗೆ. ಮುದುಕಿ ಒಬ್ಬಳೇ ಕೂತಿರುತ್ತಾಳೆ. ಅವಳೇ ಹೆರಿಗೆ ಮಾಡಿಸಿ, ಅವಳೇ ಸಾಕಿದ ಅನಾಥ ಹುಡುಗ ಊರು ಬಿಟ್ಟು ಹೋದವನು ಈಗ ಬಂದು ಮಾತಾಡದೆ ನಿಲ್ಲುತ್ತಾನೆ. ಅವಳು ಕೈ ಹಿಡಿದು ನೋಡಿ ಗುರುತಿಸುತ್ತಾಳೆ, ಬೈಯುತ್ತಾಳೆ, ಬೈದು ಬೈದು ಕೊನೆಗೆ ಊಟ ಆಯ್ತಾ ಎಂದು ಕೇಳುತ್ತಾಳೆ. ಅವನದು ಇಡೀ ನಾಟಕದಲ್ಲಿ ಒಂದೇ ಮಾತು: "ಇಲ್ಲ ಅಮ್ಮ." ದೀಪ ಆರುತ್ತದೆ.

ಒಂದು ದಿನ ಅಲ್ ಮವಾಲೇಹ್‌ನ ತರಕಾರಿ ಮಾರ್ಕೆಟಿಗೆ ಜೊತೆಯಲ್ಲಿ ಹೋಗಿದ್ದೆವು. ಮೇಡಂ ಟೊಮೆಟೊ ರಾಶಿಯ ಮುಂದೆ ನಿಂತು, ಎಲ್ಲೋ ನೋಡುತ್ತ, "ಇಷ್ಟು ವರ್ಷ ಎಲ್ಲಿ ಸತ್ತಿದ್ದೆ? ಈಗ ಬಂದು ತಲೆ ತಗ್ಗಿಸಿ ನಿಂತರೆ ಆಯಿತಾ?" ಎಂದು ಪಾಠ ಒಪ್ಪಿಸಿದರು. ತರಕಾರಿಯವ ಬಂಗಾಳಿ. ಅವನಿಗೆ ಕನ್ನಡ ಎಲ್ಲಿಂದ ಬರಬೇಕು? ತಲೆ ತಗ್ಗಿಸಿ, ನಮ್ಮ ಚೀಲದಿಂದ ಮೆತ್ತಗಿನ ಟೊಮೆಟೊಗಳನ್ನೆಲ್ಲ ತೆಗೆದು ಗಟ್ಟಿಯಾದವನ್ನು ತುಂಬಿಸಿದ. ಮೇಡಂ ನನ್ನ ಕಡೆ ತಿರುಗಿ, "ನಾಟಕ ತಯಾರಾಗಿದೆ," ಎಂದರು.

ಆಟದ ದಿನ ನಾನು ದಿವಾಕರಣ್ಣನನ್ನು ಮೊದಲೇ ಕೂರಿಸಿ ಹೇಳಿದೆ. "ಸನ್ಮಾನ ಇದ್ರೆ ಶುರುವಿಗೆ ಮಾಡಿ, ಇಲ್ಲ ಮುಗಿದ ಮೇಲೆ ಮಾಡಿ. ನಡುವೆ ಮಾತ್ರ ಬೇಡ. ಇದು ಅವರ ಕೊನೆಯ ನಾಟಕ. ಮುಗಿಸಲಿಕ್ಕೆ ಬಿಡಿ."

"ಛೆ ಛೆ, ಎಂತ ಹೇಳ್ತೀರಿ ಯಶೋದಕ್ಕ, ನಮಗೆ ಅಷ್ಟು ಗೊತ್ತಾಗುದಿಲ್ವಾ?" ಎಂದರು.

ಎರಡು ಅಂಕ ಚೆನ್ನಾಗಿ ಹೋಯಿತು. ಮೂರನೆಯದು ಶುರುವಾಗಿ, ಮೇಡಂ ಕುರ್ಚಿಯಲ್ಲಿ ಒಬ್ಬರೇ ಕೂತು ಮಾತಾಡುತ್ತಿದ್ದರು. ಹಾಲಿನಲ್ಲಿ ಮಕ್ಕಳೂ ಗಪ್‌ಚಿಪ್. ಆಗ ದಿವಾಕರಣ್ಣ ನಾನಿದ್ದ ಬದಿಗೆ ಬಂದರು. ಕೈಯಲ್ಲಿ ಹಾರ, ಹಿಂದೆ ಶಾಲು ಹಿಡಿದ ಕಾರ್ಯದರ್ಶಿ, ಅವರ ಹಿಂದೆ ಮುಖ್ಯ ಅತಿಥಿ. "ಎರಡೇ ನಿಮಿಷ. ಅತಿಥಿಗಳಿಗೆ ಇನ್ನೊಂದು ಕಡೆ ಹೋಗ್ಲಿಕ್ಕುಂಟು. ಮೇಡಮಿಗೂ ಒಂದು ಗೌರವ ಆಗ್ತದೆ."

"ಆಗುದಿಲ್ಲ," ಎಂದೆ.

"ನಮ್ಮದೇ ಪ್ರೋಗ್ರಾಂ ಮಾರಾಯ್ರೆ!"

"ಪ್ರೋಗ್ರಾಂ ನಿಮ್ಮದು ದಿವಾಕರಣ್ಣ. ಪರದೆ ಎದ್ದ ಮೇಲೆ ವೇದಿಕೆ ನನ್ನದು."

ಅವರು ತಿರುಗಿ ಹೋದರು. ಆಚೆ ಬದಿಯ ಬಾಗಿಲಿಗೆ ನಾನು ಮೊದಲೇ ಚಿಲಕ ಹಾಕಿಸಿದ್ದೆ. ಹೋಟೆಲಿನ ಪಾಠ ಮರೆತಿರಲಿಲ್ಲ. ಆದರೆ ನಮ್ಮ ಹಾಲಿನಲ್ಲಿ ವೇದಿಕೆಯ ಮುಂದೆ, ಪ್ರೇಕ್ಷಕರ ಕಡೆಯಿಂದ ಹತ್ತಲು ನಾಲ್ಕು ಮೆಟ್ಟಿಲು ಇತ್ತು. ಬಹುಮಾನ ತೆಗೆದುಕೊಳ್ಳುವ ಮಕ್ಕಳಿಗೆಂದು ಮಾಡಿದ್ದು. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅವರು ಅಲ್ಲಿಂದಲೇ ಹತ್ತಿದರು, ಫೋಟೋದವನ ಸಮೇತ.

ನಿರೂಪಕಿ ಪಕ್ಕದ ಮೈಕಿನಲ್ಲಿ, "ಕಡಲಾಚೆಯ ಕಲಾಸರಸ್ವತಿ" ಎಂದು ಶುರು ಮಾಡಿದಳು. ಮೇಡಂ ಮೇಲೆ ಶಾಲು ಬಿತ್ತು, ತಲೆಗೆ ಪೇಟ, ಕುತ್ತಿಗೆಗೆ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ನಾನು ಕಣ್ಣು ಮುಚ್ಚಿಕೊಂಡೆ. ಹೋಯಿತು, ಈ ಸಲವೂ ಹೋಯಿತು ಎಂದುಕೊಂಡೆ.

ಕಣ್ಣು ತೆರೆದರೆ ಮೇಡಂ ಕದಲಿರಲಿಲ್ಲ. ಅವರು ಕಣ್ಣು ಹೋದ ಮುದುಕಿ. ಶಾಲು ಹೊದಿಸಿದವರನ್ನು ಅವರು ನೋಡಲಿಲ್ಲ, ಫೋಟೋದವನ ಕಡೆ ತಿರುಗಲಿಲ್ಲ. ಫೋಟೋಕ್ಕೆ ನಿಲ್ಲಿಸಲು ದಿವಾಕರಣ್ಣ ಅವರ ಕೈ ಹಿಡಿದು ಎಳೆದರು. ಮೇಡಂ ಆ ಕೈಯನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಂಡು, ಬೆರಳು ಬೆರಳು ಮುಟ್ಟಿ ನೋಡಿ, ತಮ್ಮ ಮಾತು ಶುರು ಮಾಡಿದರು.

"ಯಾರದು? ಬಾಗಿಲು ತಟ್ಟದೆ ಒಳಗೆ ಬಂದವರು ಯಾರು?"

ನಿರೂಪಕಿ ಓದುತ್ತಲೇ ಇದ್ದಳು. ಗಂಧದ ಹಾರ ಮೇಡಮಿನ ಕಾಲರ್ ಮೈಕಿಗೆ ಉಜ್ಜಿ ಕರಕರ ಸದ್ದು. ನಾನು ಸೌಂಡಿನ ಹುಡುಗಿ ದೀಕ್ಷಾಗೆ, "ಎರಡು ಮೈಕನ್ನೂ ಬಂದ್ ಮಾಡು," ಎಂದೆ. "ಆಂಟಿ, ಪ್ರೆಸಿಡೆಂಟ್..." ಎಂದು ಅವಳು ತಡವರಿಸಿದಳು. ಸೌಂಡಿನ ಮೇಜು ನನ್ನ ಪಕ್ಕದಲ್ಲೇ ಇತ್ತು. ನಾನೇ ಕೈ ಹಾಕಿ ಎರಡನ್ನೂ ಕೆಳಗೆ ಎಳೆದೆ. ನಿರೂಪಕಿಯ ಬಾಯಿ ಮಾತ್ರ ಆಡುತ್ತಿತ್ತು. ಆಮೇಲೆ ಅದೂ ನಿಂತಿತು.

ಉಳಿದದ್ದು ಮೇಡಮಿನ ಬರೀ ಗಂಟಲು. ಎಪ್ಪತ್ತು ದಾಟಿದ ಗಂಟಲು. "ಈ ಕೈಯನ್ನು ಎಲ್ಲರಿಗಿಂತ ಮೊದಲು ಹಿಡಿದವಳು ನಾನು. ನಿನ್ನ ತಾಯಿಗಿಂತ ಮೊದಲು. ನನಗೆ ಗೊತ್ತಾಗುವುದಿಲ್ಲವಾ?" ನಾನು ಪರದೆಯ ಸಂದಿನಿಂದ ಕೊನೆಯ ಸಾಲು ನೋಡಿದೆ. ಅಲ್ಲಿ ಸದಾನಂದರು ಕೂತಿದ್ದರು. ಹಳೆಯ ಪದ್ಧತಿ ಅವರಿಗೂ ಗೊತ್ತು, ಕೇಳದಿದ್ದರೆ ಕೈ ಎತ್ತಬೇಕು. ಎತ್ತಲಿಲ್ಲ. ಎರಡು ಕೈಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕಲ್ಲಿನ ಹಾಗೆ ಕೂತಿದ್ದರು.

ಹುಡುಗನ ಪಾತ್ರದವನು ಗಡ್ಡ ಅಂಟಿಸಿಕೊಂಡು ನನ್ನ ಪಕ್ಕ ನಿಂತಿದ್ದ. "ಅಕ್ಕ, ನಾನು ಎಂತ ಮಾಡ್ಲಿ?" ಎಂದ. "ನಿಲ್ಲು," ಎಂದೆ. ವೇದಿಕೆಯ ಮೇಲೆ ಅವನ ಜಾಗದಲ್ಲಿ ದಿವಾಕರಣ್ಣ ನಿಂತಿದ್ದರು. ಕೈ ಬಿಡಿಸಿಕೊಳ್ಳಲು ನೋಡಿದರು, ಆಗಲಿಲ್ಲ. "ಇಷ್ಟು ವರ್ಷ ಎಲ್ಲಿ ಸತ್ತಿದ್ದೆ? ನಾನು ಕಾಯುತ್ತೇನೆ ಎಂದು ನೆನಪಿರಲಿಲ್ಲವಾ? ಈಗ ಬಂದು ತಲೆ ತಗ್ಗಿಸಿ ನಿಂತರೆ ಆಯಿತಾ?" ದಿವಾಕರಣ್ಣ ನಿಜಕ್ಕೂ ತಲೆ ತಗ್ಗಿಸಿದರು. ಮುಖ್ಯ ಅತಿಥಿ ಕೈಮುಗಿದುಕೊಂಡೇ ನಿಂತಿದ್ದರು. ಕಾರ್ಯದರ್ಶಿ ಬಾಳೆಹಣ್ಣು ಬುಟ್ಟಿಯಿಂದ ಜಾರದ ಹಾಗೆ ಹಿಡಿದುಕೊಂಡಿದ್ದ. ಕೆಳಗಿಳಿಯುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಮೇಡಂ ಒಂದು ಮಾತೂ ಬಿಡಲಿಲ್ಲ, ಒಂದು 'ಳ' ಕೂಡ ತಪ್ಪಲಿಲ್ಲ. ಬೈದು ಬೈದು, ಉಸಿರು ಬಿಟ್ಟು, ಆ ಕೈಯನ್ನು ತಮ್ಮ ಕೆನ್ನೆಗೆ ಇಟ್ಟುಕೊಂಡು ಸಣ್ಣ ದನಿಯಲ್ಲಿ ಕೇಳಿದರು.

"ಊಟ ಆಯ್ತಾ ಮಗಾ?"

"ಇಲ್ಲ ಅಮ್ಮ," ಎಂದರು ದಿವಾಕರಣ್ಣ. ಬೆಳಗಿನಿಂದ ಓಡಾಡಿದ ಮನುಷ್ಯ, ಉಂಡಿರಲಿಲ್ಲವೋ ಏನೋ. ನಾನು ದೀಪ ಆರಿಸಿದೆ, ಪರದೆ ಬಿಟ್ಟೆ.

"ಅಕ್ಕ, ನನ್ನದು ಇದ್ದದ್ದು ಅದೊಂದೇ ಡೈಲಾಗ್," ಎಂದ ಗಡ್ಡದವನು. ಎರಡು ತಿಂಗಳು ತಾಲೀಮು ಮಾಡಿದ್ದ ಪಾಪದವನು.

ಒಳಗೆ ಮೇಡಂ ಪೇಟ ತೆಗೆದು ಮೇಜಿನ ಮೇಲಿಟ್ಟು, "ಕೊನೆಯ ಸಾಲಿಗೆ ಕೇಳಿತಾ ಯಶು?" ಎಂದರು. ಕೇಳಿತು ಮೇಡಂ ಎಂದೆ. "ಹಾಗಾದರೆ ಮೂರನೇ ಅಂಕ ಮುಗಿಯಿತು," ಎಂದು ಮುಖದ ಬಣ್ಣ ಒರೆಸಲು ಕೂತರು. ಒಂದು ಲೋಟ ನೀರು ಕುಡಿಯಲು ಎರಡೂ ಕೈ ಬೇಕಾಯಿತು.

ಈಗ ಎಲ್ಲರೂ ಇದನ್ನು ತಮಾಷೆಯ ಕತೆಯಾಗಿ ಹೇಳುತ್ತಾರೆ. ನನಗೆ ತಮಾಷೆ ಅನಿಸುವುದಿಲ್ಲ. ಅವರದೇ ಆದ ಒಂದು ದೃಶ್ಯವನ್ನು ಉಳಿಸಿಕೊಳ್ಳಲು ಆ ವಯಸ್ಸಿನ ಹೆಂಗಸು ಶಾಲು, ಪೇಟ, ಹಾರ, ಬುಟ್ಟಿಗಳ ಕೆಳಗಿನಿಂದ ಬರೀ ಗಂಟಲಿನಲ್ಲಿ ಹೋರಾಡಬೇಕಾಗಿ ಬಂತು. ಅವರಲ್ಲದೆ ಬೇರೆ ಯಾರಾದರೂ ಆಗಿದ್ದರೆ ಎದ್ದು ನಿಂತು, ಕೈಮುಗಿದು, ಫೋಟೋಕ್ಕೆ ನಕ್ಕು, ಮೂರನೇ ಅಂಕವನ್ನು ಮತ್ತೊಮ್ಮೆ ನುಂಗಿಕೊಂಡು ಹೋಗುತ್ತಿದ್ದರು. ಹಾಗೆ ನುಂಗಿಕೊಂಡವರು ನಮ್ಮಲ್ಲಿ ಎಷ್ಟು ಜನವೋ. ಅವರ ಫೋಟೋಗಳೆಲ್ಲ ಚೆನ್ನಾಗಿಯೇ ಬಂದಿವೆ.

ದಿವಾಕರಣ್ಣನ ವಿಷಯ ಕೇಳಿ. ಹೊರಗೆ ಊಟದ ಸಾಲಿನಲ್ಲಿ ಜನ ಅವರ ಕೈ ಕುಲುಕಿ, "ಅಣ್ಣ, ನೀವು ಆ್ಯಕ್ಟಿಂಗ್ ಮಾಡ್ತೀರಂತ ಗೊತ್ತೇ ಇರ್ಲಿಲ್ಲ! ಎಂಥಾ ಸೀನ್!" ಎಂದರು. ಅವರು ಬೇಡ ಎನ್ನಲಿಲ್ಲ. ಹೊಗಳಿಕೆಯನ್ನೆಲ್ಲ ತೆಗೆದುಕೊಂಡರು, ಮರುದಿನ ನನ್ನ ಮೇಲೆ ದೂರೂ ಕೊಟ್ಟರು. ಅತಿಥಿಗಳ ಎದುರು ಮೈಕ್ ಬಂದ್ ಮಾಡಿ ಅವಮಾನ ಮಾಡಿದ್ದು ಎಂದು. ಉಂಡೂ ಹೋದ, ಕೊಂಡೂ ಹೋದ ಎನ್ನುವುದು ಇದಕ್ಕೇ.

ಹಾಲಿನ ಮ್ಯಾನೇಜರ್ ಹಮೂದ್ ಒಳ್ಳೆಯ ಮನುಷ್ಯ. ಆದರೆ ಅವನ ಮಾತು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಖಾವಾ ಕಾಫಿ ಬಗ್ಗಿಸಿ ಕೊಟ್ಟು, ಖರ್ಜೂರ ಮುಂದಿಟ್ಟು, "ಸಿಸ್ಟರ್, ನಿಮ್ಮದೂ ತಪ್ಪಲ್ಲ, ಅವರದೂ ತಪ್ಪಲ್ಲ. ಅವರು ವರ್ಷವಿಡೀ ಹಾಲ್ ಬುಕ್ ಮಾಡುವವರು. ಖಲಾಸ್," ಎಂದ. ಇಷ್ಟು ವರ್ಷದ ಕೆಲಸ ಒಂದು ಖಲಾಸ್‌ನಲ್ಲಿ ಮುಗಿಯಿತು. ಪತ್ರದಲ್ಲಿ ಮಾತ್ರ ನಿವೃತ್ತಿ ಎಂದು ಬರೆದರು. ಮೇಡಂ ಇಂಗ್ಲೆಂಡಿಗೆ ಹೋದರು. ಈಗಲೂ ಫೋನ್ ಮಾಡುತ್ತಾರೆ. ಆ ದಿನದ ಶಾಲು ಮಂಡಿಗೆ ಒಳ್ಳೆ ಬೆಚ್ಚಗಾಗುತ್ತದಂತೆ.

ನಿನ್ನೆ ಕಾರ್ಯದರ್ಶಿ ಪುನಃ ಫೋನ್ ಮಾಡಿದ. "ಆಲೋಚನೆ ಮಾಡಿದ್ರಾ ಅಕ್ಕ?"

"ಸನ್ಮಾನ ಯಾವಾಗ ಇಟ್ಟುಕೊಂಡಿದ್ದೀರಿ?" ಎಂದು ಕೇಳಿದೆ.

"ನಾಟಕದ ಎರಡನೇ ಅಂಕ ಆದ ಕೂಡ್ಲೇ. ಆಗ ಹಾಲ್ ಫುಲ್ ಇರ್ತದೆ ಅಲ್ವಾ? ಮುಗಿದ ಮೇಲೆ ಜನ ಎಲ್ಲ ಊಟಕ್ಕೆ ಓಡ್ತಾರೆ."

ಏನು ಹೇಳಿದೆ ಎಂದು ಇಲ್ಲಿ ಬರೆಯುವ ಹಾಗಿಲ್ಲ. ತುಳುವಿನಲ್ಲಿ ಹೇಳಿದೆ. ಆಮೇಲೆ ದೀಕ್ಷಾಗೆ ಫೋನ್ ಹಚ್ಚಿದೆ. ಮಸ್ಕತ್ತಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ನನ್ನ ಜಾಗದಲ್ಲಿ ಈಗ ಅವಳೇ ಸ್ಟೇಜ್ ಮ್ಯಾನೇಜರ್. "ನೋಡು ಮಗಾ, ಅವರು ಶಾಲು ಹಿಡಿದುಕೊಂಡು ಬರ್ತಾರೆ. ಬಿಡಬೇಡ. ಆಚೆ ಬಾಗಿಲಿಗೆ ಚಿಲಕ ಹಾಕು. ಮುಂದಿನ ಮೆಟ್ಟಿಲಿನ ಹತ್ತಿರ ಯಾರನ್ನಾದರೂ..."

"ಆಂಟಿ, ಒನ್ ಮಿನಿಟ್," ಎಂದಳು. "ಮುಂದಿನ ಸ್ಟೆಪ್ಸ್ ಲಾಸ್ಟ್ ಮಂತೇ ತೆಗೆಸಿದ್ದೇನೆ. ಮತ್ತೆ ಆ ದಿನ ನೀವು ಬ್ಯಾಕ್‌ಸ್ಟೇಜಿಗೆ ಬರೋದಾದ್ರೂ ನನ್ನ ಕೇಳಿ ಬನ್ನಿ. ಪರದೆ ಎದ್ದ ಮೇಲೆ ಸ್ಟೇಜ್ ನಂದು."

ಕೊನೆಯ ಸಾಲಿನಲ್ಲಿ ಒಂದು ಸೀಟು ಹೇಳಿಟ್ಟಿದ್ದೇನೆ.